ಜಾಲಿಪಟ್ಟಿಯ ಸಿಳ್ಳೆ

ಮಹದೇವನಿಗೆ ಬೆಕ್ಕು ಕಂಡರೂ ಆಗದು. ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ತಮಿಳುನಾಡಿನ ಕಡೆಯ ನಮ್ಮ ಮಾರಂಡಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಟೀ ಅಂಗಡಿಯ ಬೆಂಚಿನ ಕೆಳಗಿಂದ ಒಂದು ಬೆಕ್ಕಿನಮರಿ ಹೊರಗೆ ಬಂತೆಂದು ಬಿಸಿ ಟೀ ಲೋಟವನ್ನು ನನ್ನ ಪಂಚೆಯ ಮೇಲೆ ಬಿಟ್ಟು ಅವನು ರಸ್ತೆ ದಾಟಿದ್ದನ್ನು ನಾನು ಕಂಡಿದ್ದೇನೆ, ಅನುಭವಿಸಿಯೂ ಇದ್ದೇನೆ. ಏಳು ತಲೆಯಿಂದ ಕಾಡಂಚಿನಲ್ಲಿ ಕುರಿ ನಡುವೆ ಮಲಗಿ ಎದ್ದ ಕುರುಬರ ಮನೆಯಲ್ಲಿ ಇಂಥವನೊಬ್ಬ ಹೇಗೆ ಹುಟ್ಟಿದ ಎಂದು ಅವನ ತಾಯಿ ದೊಡ್ಡಕ್ಕನನ್ನು ಒಮ್ಮೆ ಕೇಳಿದೆ.

"ಆಸ್ಟೆಲ್‌ನಾಗೆ ಬದ್ಲಾಯಿಸ್ಬುಟ್ರು ಕಣಪ್ಪ" ಅಂದಳು.

ಅದು ಪೂರ್ತಿ ತಮಾಷೆಯಲ್ಲ. ಮಹದೇವನನ್ನು ಆರನೇ ಕ್ಲಾಸಿಗೇ ಮೆಟ್ಟೂರಿನ ಹಾಸ್ಟೆಲಿಗೆ ಹಾಕಿದ್ದರು. ರಜೆಗೆ ಬಂದಾಗ ಕುರಿಗಳನ್ನು ದೂರದ ನೆಂಟರಂತೆ ಕಾಣುತ್ತಿದ್ದ. ಅಂಗಳದಲ್ಲೇ ಕುಶಲ ವಿಚಾರಿಸಿ ಒಳಗೆ ಹೋಗುವಷ್ಟು ಸಲಿಗೆ. ಈಗ ಅವನಿಗೆ ನಲವತ್ತರ ಹತ್ತಿರ. ಮೆಟ್ಟೂರಿನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್ ನೋಡಿಕೊಳ್ಳುವ ಕಂಟ್ರಾಕ್ಟ್ ಕೆಲಸ. ಹೆಂಡತಿ ಶಿವಲಕ್ಷ್ಮಿ, ಮಗಳು ಜಯಪ್ರಿಯಾ, ತಾಯಿ, ಎಪ್ಪತ್ತು ಚಿಲ್ಲರೆ ಕುರಿ, ಎಲ್ಲರೂ ಊರಿನಲ್ಲೇ. ವಾರಕ್ಕೊಮ್ಮೆ ಬಸ್ಸು ಬದಲಾಯಿಸಿ ಬರುತ್ತಾನೆ. ಬಂದವನು ಮಗಳ ಹೋಂವರ್ಕ್ ನೋಡುತ್ತಾನೆ, ಹೆಂಡತಿಯ ಬೈಗುಳ ಕೇಳುತ್ತಾನೆ, ಕುರಿಗಳ ಕಡೆ ಮಾತ್ರ ಕಣ್ಣೆತ್ತುವುದಿಲ್ಲ.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಅವನ ತಂದೆ ಜವರಪ್ಪ ನಲವತ್ತೆರಡು ಕುರಿ, ಒಂದು ನಾಯಿ ಹೊಡೆದುಕೊಂಡು ಜಾಲಿಪಟ್ಟಿಗೆ ಹೋದ. ಪಟ್ಟಿ ಎಂದರೆ ಮುಳ್ಳು ಬೇಲಿ ಕಟ್ಟಿದ ಕುರಿದೊಡ್ಡಿ. ಜಾಲಿಪಟ್ಟಿ ಇರುವುದು ಕಾಡಿಗೆ ಅಂಟಿಕೊಂಡ ಅವರದೇ ಪಟ್ಟಾ ಜಮೀನಿನಲ್ಲಿ. ಆರನೇ ದಿನ ಸಂಜೆ ನಲವತ್ತು ಕುರಿಯೂ ನಾಯಿಯೂ ತಾವಾಗಿ ಮನೆಗೆ ಬಂದವು. ಜವರಪ್ಪ ಬರಲಿಲ್ಲ. ಊರವರು ಜಾಲಿಪಟ್ಟಿಗೆ ಓಡಿದರು. ಒಲೆ ತಣ್ಣಗಿತ್ತು, ಕಂಬಳಿಯಿಲ್ಲ, ಕೋಲಿಲ್ಲ. ಹಾಸಿಗೆ ಕಿತ್ತುಕೊಂಡು ಬೇರೆ ಕಡೆ ಹೋಗಿದ್ದಾನೆ ಅಂದುಕೊಂಡರು. ಕುರಿಗಳು ಬಂದಿದ್ದು ಗುಡ್ಡದ ಆಚೆಯ ಬಡಗಣ ಹಳ್ಳದ ದಾರಿಯಿಂದ. ಇಂಥ ಹೊತ್ತಿನಲ್ಲಿ ಕುರಿ ಕಾಯುವವರು ಮನುಷ್ಯನ ತಲೆಗಿಂತ ಕುರಿಯ ಕಾಲನ್ನು ನಂಬುತ್ತಾರೆ. ಯಜಮಾನನನ್ನು ಬಿಟ್ಟ ಜಾಗದಿಂದ ಮಂದೆ ನೆಟ್ಟಗೆ ಮನೆಗೆ ಬರುತ್ತದೆ, ಸುತ್ತಾಡುವುದಿಲ್ಲ ಎಂಬುದು ಅವರ ಲೆಕ್ಕ. ಒಂಬತ್ತು ದಿನ ಬಡಗಣ ಹಳ್ಳವನ್ನು ಜರಡಿ ಹಿಡಿದೆವು. ನಾನೂ ಇದ್ದೆ. ಒಂದು ಚಪ್ಪಲಿಯೂ ಸಿಗಲಿಲ್ಲ. ಮಹದೇವ ಕೆಲಸಕ್ಕೆ ಸೇರಿ ಆಗ ಎರಡು ತಿಂಗಳು. ರಜೆ ಸಿಕ್ಕಿ ಅವನು ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಶಿವಲಕ್ಷ್ಮಿ ಐದು ತಿಂಗಳ ಬಸುರಿ.

ಹೆಣವಿಲ್ಲದೆ ತಿಥಿಯಿಲ್ಲ. ತಿಥಿಯಿಲ್ಲದೆ ದೊಡ್ಡಕ್ಕ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಮದುವೆ ಮನೆಯಲ್ಲಿ ಕುಂಕುಮದ ಬಟ್ಟಲು ಅವಳ ಮುಂದೆ ಬಂದಾಗ ಕೊಡುವವರ ಕೈ ಒಂದು ಗಳಿಗೆ ತಡೆಯುತ್ತಿತ್ತು. ಆ ಒಂದು ಗಳಿಗೆಯನ್ನು ತಾಳಲಾರದೆ ಮದುವೆಗೆ ಹೋಗುವುದನ್ನೇ ಬಿಟ್ಟಳು. ಬಲಗಿವಿಗೆ ಎರಡು ಕಚ್ಚು ಇರುವ ಕುರಿ ಜವರಪ್ಪನ ಪಾಲಿನವು. ಅವುಗಳ ಮರಿಗೂ ಅದೇ ಕಚ್ಚು ಹಾಕಿಸುತ್ತ ಬಂದಳು. ಯಜಮಾನ ಬಾಯಿ ಬಿಟ್ಟು ಹೇಳದೆ ಅವನ್ನು ಮಾರುವಂತಿಲ್ಲ. ನಾನು ಕುರಿ ವ್ಯಾಪಾರಿ. ಈ ಸುತ್ತಿನಲ್ಲೇ ಇಲ್ಲದಂಥ ಟಗರುಗಳು ಕಣ್ಣೆದುರು ಮುದಿಯಾಗುವುದನ್ನು ಹನ್ನೊಂದು ವರ್ಷ ನೋಡಿದ್ದೇನೆ. ಆದ್ದರಿಂದ ಈ ಸಂಗತಿಯಲ್ಲಿ ನಾನು ಓಡಾಡಿದ್ದು ಬರೀ ಒಳ್ಳೆಯತನದಿಂದ ಎಂದು ಯಾರೂ ತಿಳಿಯಬೇಡಿ.

ಹೋದ ಮಾಘದಲ್ಲಿ ದೊಡ್ಡಕ್ಕ ಜ್ವರದಿಂದ ಮಲಗಿ, ಸಾಯುವಂತಾಗಿ, ಎದ್ದಳು. ಎದ್ದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡಳು. ನಾನು ಜಗಲಿಯಲ್ಲಿದ್ದೆ.

"ಈ ಸಲ ತಪ್ಪಿಸ್ಕಂಡೆ. ಮುಂದಿನ ಸಲ ಓಯ್ತೀನಿ. ಓಗುವಾಗ ಬಳೆ ಆಕ್ಕಂಡು ಓಗ್ಬೇಕಾ, ತೆಗೆದಿಟ್ಟು ಓಗ್ಬೇಕಾ, ನಂಗೆ ಗೊತ್ತಾಗ್ಬೇಕು. ಸಿಳ್ಳೆ ಆಕಿ ಬಾ ಓಗು."

ಸಿಳ್ಳೆ ಹಾಕಿ ಬರುವುದು ಅವರ ಮನೆತನದ ಕಟ್ಟಳೆ. ಕಾಡಿಗೆ ಹೋದ ಗಂಡಸು ತಿರುಗಿ ಬರದಿದ್ದರೆ ಅವನ ಮಗ, ತನ್ನ ಮಗುವನ್ನು ಕರೆದುಕೊಂಡು, ಅಪ್ಪ ಕೊನೆಗೆ ಮಲಗಿದ್ದ ಪಟ್ಟಿಯಲ್ಲಿ ಒಂದು ರಾತ್ರಿ ಕಳೆಯಬೇಕು. ಬೆಳಗ್ಗೆ ಮಂದೆ ಬಿಡುವ ಹೊತ್ತಿಗೆ ಮೂರು ಸಲ ಸಿಳ್ಳೆ ಹಾಕಬೇಕು. ಉತ್ತರ ಬಂದರೆ ಹೋದವನು ಇದ್ದಾನೆ. ಬಾರದಿದ್ದರೆ ಇಲ್ಲ, ಕಲ್ಲು ನಿಲ್ಲಿಸಿ ಎಡೆ ಇಡಬಹುದು. ಉತ್ತರ ಬಂತೋ ಇಲ್ಲವೋ ಎಂದು ಹೇಳುವ ಅಧಿಕಾರ ಮಗನಿಗಿಲ್ಲ, ಮೊಮ್ಮಗುವಿಗೆ. ಆ ಮಗು ಹೋದವನ ಮುಖವನ್ನೇ ಕಂಡಿರಬಾರದು. ಎರಡು ತಲೆಮಾರಿನಿಂದ ಇದನ್ನು ಯಾರೂ ಮಾಡಿರಲಿಲ್ಲ.

"ನಾನೊಬ್ನೇ ಓಗಿ ಬರ್ತೀನಮ್ಮ. ಮಗು ಯಾಕೆ?" ಅಂದ ಮಹದೇವ.

"ನಿನ್ ಕಿವಿಗೆ ಆಸೆ ಐತೆ. ಎಲೆ ಅಲ್ಲಾಡಿದ್ರೂ ಅಪ್ಪ ಅಂತೀಯ. ಅವ್ಳ ಕಿವಿಗೆ ಅಜ್ಜ ಯಾರು ಅಂತ್ಲೇ ಗೊತ್ತಿಲ್ಲ."

"ಅಲ್ಲಿ ಆನೆ ಐತಮ್ಮ."

"ಐತೆ. ಅದರ ಮನೆ, ಅದಿರ್ತೈತೆ. ನೀನು ಓಗಿ ಬರೋನು."

ಮಗಳಿಗೆ ಹೇಗೆ ಹೇಳುವುದೆಂದು ಮಹದೇವ ಎರಡು ವಾರ ಒದ್ದಾಡಿದ. ಜಯಪ್ರಿಯಾಳ ಕ್ಲಾಸಿನ ಹುಡುಗಿಯೊಬ್ಬಳು ಏರ್ಕಾಡು ಬೆಟ್ಟದ ಮೇಲೆ ಟೆಂಟಿನಲ್ಲಿ ಮಲಗಿ ಬಂದು ಶಾಲೆಯಲ್ಲೆಲ್ಲ ಡಂಗುರ ಸಾರಿದ್ದಳು. ಮಹದೇವ ಅದನ್ನೇ ಹಿಡಿದುಕೊಂಡ. "ನಾವೂ ಕ್ಯಾಂಪಿಂಗ್ ಓಗೋಣ ಬಾ ಕಣ್ಣು. ಏರ್ಕಾಡಿಗಿಂತ ಚೆನ್ನಾಗಿರ್ತೈತೆ. ಪ್ರಾಣಿ ಎಲ್ಲ ನೋಡ್ಬಹುದು" ಎಂದ. ಅಜ್ಜಿ ಆಗಲೇ ಅವಳಿಗೆ ಎಲ್ಲವನ್ನೂ ಹೇಳಿ, ಕಿವಿ ತೊಳೆಸಿ, ಎಣ್ಣೆ ಹಾಕಿ ಮುಗಿಸಿದ್ದಳು. ಹುಡುಗಿ ಮಾತ್ರ ಏನೂ ತಿಳಿಯದವಳಂತೆ, "ಸೂಪರ್‌ಪ್ಪಾ" ಅಂದಳಂತೆ. ಹತ್ತು ವರ್ಷದ ಆ ಹುಡುಗಿಗೆ ವ್ಯಾಪಾರದ ಬುದ್ಧಿ ಇದೆ.

ಶನಿವಾರ ಮಧ್ಯಾಹ್ನ ನನ್ನ ಗಾಡಿಯಲ್ಲಿ ಹೊರಟೆವು. ಕುರಿ ಸಾಗಿಸುವ ಸಣ್ಣ ಗಾಡಿ ಅದು; ಇಲ್ಲಿ ಎಲ್ಲರೂ ತಮಿಳಿನಲ್ಲಿ ಕುಟ್ಟಿ ಯಾನೈ, ಅಂದರೆ ಆನೆಮರಿ ಅನ್ನುತ್ತಾರೆ. ಮಹದೇವ ಕೆಲಸದ ಜಾಗದ ಹಳದಿ ಹೆಲ್ಮೆಟ್, ಬೆಳಕು ಬಿದ್ದರೆ ಮಿಂಚುವ ಕಿತ್ತಳೆ ಕೋಟು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂದು ನಿಂತ. ಬೆನ್ನಿಗೆ ಟೆಂಟು. ಕೈಯಲ್ಲಿ ಎರಡು ಟಾರ್ಚು, ಒಂದು ಚೀಲ ಪಟಾಕಿ.

"ಇದೇನ್ಲಾ, ಬಾಯ್ಲರ್ ಒಳಕ್ಕೆ ಇಳೀತೀಯಾ?"

"ಸೇಫ್ಟಿ ಅಣ್ಣಾ."

"ಆನೆ ತಲೆ ಮೇಲೆ ಕಾಲಿಟ್ರೆ ಎಲ್ಮೆಟ್ ಒಂದೇ ಉಳಿಯೋದು. ನಿಮ್ಮಮ್ಮಂಗೆ ಗುರುತಿಗೆ ತಂದ್ಕೊಡ್ತೀನಿ, ಯೋಚ್ನೆ ಮಾಡ್ಬೇಡ."

ಪಕ್ಕದಲ್ಲಿ ಕೂತ ಜಯಪ್ರಿಯಾ ಹಿಂದಕ್ಕೆ ತಿರುಗಿ, "ಅಪ್ಪಾ, ನಮ್ ಕುಟ್ಟಿ ಯಾನೈ ನೋಡ್ಬುಟ್ಟು ಅದರಮ್ಮ ಹುಡುಕ್ಕೊಂಡು ಬಂದ್ಬುಟ್ರೆ?" ಅಂದಳು. ಮಹದೇವ ನಗಲಿಲ್ಲ. ಅಲ್ಲಿಗೆ ತಲುಪಿದ ಮೇಲೆ, ಗಾಡಿಯನ್ನು ಇನ್ನಷ್ಟು ದೂರ ನಿಲ್ಲಿಸಲು ಹೇಳಿದ.

ಪಟ್ಟಿಯಲ್ಲಿ ರಕ್ತಸಂಬಂಧಿಗಳು ಮಾತ್ರ ಮಲಗಬೇಕು. ನಾನು ಒಂದು ಮೈಲಿ ಈಚೆ, ಪರಿಚಯದ ರೈತರೊಬ್ಬರ ಹೊಲದ ಗುಡಿಸಲ ಹತ್ತಿರ ಗಾಡಿ ನಿಲ್ಲಿಸಿ ಉಳಿದೆ. ಮುಂದಿನದನ್ನು ನನಗೆ ಹೇಳಿದ್ದು ಅಪ್ಪ ಮಗಳು ಇಬ್ಬರೂ. ಪ್ರಾಣಿಗಳ ಗಾತ್ರ, ಸಂಖ್ಯೆ, ದೂರ ಇವುಗಳ ವಿಷಯದಲ್ಲಿ ನಾನು ಮಗಳ ಮಾತನ್ನು ತೆಗೆದುಕೊಂಡಿದ್ದೇನೆ.

ಹನ್ನೊಂದು ವರ್ಷದಲ್ಲಿ ಜಾಲಿಪಟ್ಟಿಯ ಬೇಲಿಗೆ ಕಟ್ಟಿದ್ದ ಮುಳ್ಳುಗೂಟಗಳು ಬೇರು ಬಿಟ್ಟು ಮರವಾಗಿದ್ದವು. ಒಳಗೆ, ಏಳು ತಲೆಯ ಕುರಿಗೊಬ್ಬರ ಬಿದ್ದ ದುಂಡನೆ ಜಾಗದಲ್ಲಿ, ಹುಲ್ಲು ಸೊಂಟದೆತ್ತರ. ಸುತ್ತಲಿನ ನೆಲವೆಲ್ಲ ಒಣಗಿ ಕೆಂಪಾಗಿದ್ದರೂ ಆ ದುಂಡು ಮಾತ್ರ ಕಡುಹಸಿರು. ಒಲೆಯ ಮೂರು ಕಲ್ಲು ಇದ್ದಲ್ಲೇ ಇದ್ದವು, ಮಸಿ ಹೋಗಿರಲಿಲ್ಲ. ಮಹದೇವ ಆ ಕಲ್ಲುಗಳಿಗೆ ಬೆನ್ನು ಹಾಕಿ ಟೆಂಟು ಬಿಚ್ಚತೊಡಗಿದ. ಫೋನಿನಲ್ಲಿ ನೋಡಿ ಕಲಿತಿದ್ದನಂತೆ. ಮೊದಲ ಸಲ ಒಳಗಿನದು ಹೊರಗಾಯಿತು. ಎರಡನೇ ಸಲ ಅವನೇ ಒಳಗೆ ಸಿಕ್ಕಿಹಾಕಿಕೊಂಡ. ಆಗ ಕುರಿಮರಿಯೊಂದು ಕೂಗಿತು.

"ಅಪ್ಪಾ, ಮರಿ."

ಟೆಂಟಿನ ಒಳಗಿನಿಂದ ದನಿ ಬಂತು. "ಇಲ್ಲಿ ಮರಿ ಎಲ್ಲಿಂದ ಬರ್ತೈತೆ?"

"ಕೂಗ್ತಾ ಐತಲ್ಲ."

ತಾಯಿ ತಪ್ಪಿದ ಮರಿಯ ಕೂಗು ಅದು. ಬೇಲಿಯ ಪಡುವಣ ಮೂಲೆಯಿಂದ ಬಂತು. ಹುಡುಗಿ ಹುಲ್ಲು ಸರಿಸಿಕೊಂಡು ಆ ಮೂಲೆಗೆ ಹೋದಳು. ಏನೂ ಇಲ್ಲ. ಕೂಗು ಮೂಡಣಕ್ಕೆ ಹೋಯಿತು. ಅಲ್ಲಿಗೂ ಹೋದಳು. ಅಷ್ಟರಲ್ಲಿ ಮಹದೇವ ಟೆಂಟಿನಿಂದ ತಲೆ ಹೊರಗೆ ಹಾಕಿದ್ದ. ಸುತ್ತ ಮೂರು ಮೈಲಿಯಲ್ಲಿ ಒಂದು ಕುರಿಯೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಬಿಟ್ಟ ಪಟ್ಟಿಯಲ್ಲಿ ಯಜಮಾನನಿಗಾಗಿ ಮರಿಗಳು ಅಳುತ್ತವೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೂ ನೆನಪಿತ್ತು. ಆಮೇಲೆ ನಾಯಿಯೊಂದು ಬೊಗಳಿತು. ಎರಡೇ ಸಲ, ಅವರ ತಲೆಯ ಮೇಲೆ.

"ನಾಯಿ ಮರ ಹತ್ತುತ್ತಾಪ್ಪಾ?"

"ಕೆಲವು ಹತ್ತುತ್ತವೆ" ಅಂದ ಮಹದೇವ. ಅವನ ಬಾಯಿಗೆ ಬೇರೇನೂ ಬರಲಿಲ್ಲವಂತೆ.

ಹೊತ್ತು ಇಳಿಯುವಾಗ ಮಂಗಗಳು ಬಂದು ಬ್ರೆಡ್ಡಿನ ಪೊಟ್ಟಣವನ್ನೂ ಪಟಾಕಿ ಚೀಲವನ್ನೂ ಹೊತ್ತೊಯ್ದವು. ಪಟಾಕಿಯನ್ನು ಒಂದೊಂದಾಗಿ ಕಚ್ಚಿ ನೋಡಿ, ರುಚಿಯಿಲ್ಲವೆಂದು ಮೇಲಿನಿಂದ ಮಹದೇವನ ಹೆಲ್ಮೆಟ್ಟಿಗೇ ಎಸೆದವು. ಹೆಲ್ಮೆಟ್ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಆಮೇಲೆ ಆನೆ ಬಂತು. ಅಪ್ಪನ ಲೆಕ್ಕದಲ್ಲಿ ಐದು, ಟೆಂಟಿನಿಂದ ಹತ್ತು ಮಾರು. ಮಗಳ ಲೆಕ್ಕದಲ್ಲಿ ಒಂದು, ಹೊಲದ ಆಚೆ ತುದಿಯಲ್ಲಿ, ನೀರಿಗೆ ಹೋಗುತ್ತಿದ್ದದ್ದು, ಇವರ ಕಡೆ ತಿರುಗಿಯೂ ನೋಡದೆ. ಮಹದೇವ ರಬ್ಬರ್ ಬೂಟಿನಲ್ಲಿ, ಕಿತ್ತಳೆ ಕೋಟಿನಲ್ಲಿ, ಜಾಲಿಮರ ಹತ್ತಿದ. ಮುಳ್ಳಿನ ಮರವನ್ನು ಅಷ್ಟು ಬೇಗ ಹತ್ತಿದ ಮನುಷ್ಯನನ್ನು ಈ ಜಿಲ್ಲೆ ಕಂಡಿರಲಾರದು. ಹತ್ತಿ ಕೂತ ಮೇಲೆ ಅವನಿಗೆ ಮಗಳ ನೆನಪಾಯಿತು.

ಅವಳು ಕೆಳಗೆ, ಬಂಡೆಯ ಮರೆಯಲ್ಲಿ ಸದ್ದಿಲ್ಲದೆ ಕೂತಿದ್ದಳು. ಆನೆ ಹೋದ ಮೇಲೆ, "ಇರಂಗುಪ್ಪಾ, ಪೋಯಿಡ್ಚು" ಎಂದು ತಮಿಳಿನಲ್ಲಿ ಕರೆದಳು. ಇಳಿಯಪ್ಪಾ, ಹೋಯಿತು ಎಂದು.

"ನಾನು ಮೇಲಿಂದ ಕಾವಲು ನೋಡ್ತಾ ಇದ್ದೆ."

"ಸರಿಪ್ಪಾ. ಈಗ ಕೆಳಗಿಂದ ನೋಡು."

ಅವನನ್ನು ಮುಳ್ಳಿನಿಂದ ಬಿಡಿಸಿ ಇಳಿಸುವಷ್ಟರಲ್ಲಿ ಕತ್ತಲಾಯಿತು. ಕೋಟು ಮರದಲ್ಲೇ ಉಳಿಯಿತು.

ರಾತ್ರಿಯ ಬಗ್ಗೆ ಇಬ್ಬರೂ ಹೆಚ್ಚು ಹೇಳಲಿಲ್ಲ. ಮಹದೇವ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದ. ನಾವು ಬಂದದ್ದು ಯಾಕೆಂದು ಮಗಳಿಗೆ ಹೇಳಲು ಬಾಯಿ ತೆರೆದಾಗ ಅವಳೇ, "ಗೊತ್ತುಪ್ಪಾ. ಅಜ್ಜಿ ಎಲ್ಲ ಹೇಳವ್ರೆ. ನೀನು ಮಲ್ಕೋ, ನಾನು ಕೇಳಿಸ್ಕೊಳ್ತೀನಿ" ಅಂದಳಂತೆ. ಹಂದಿಗಳು ಟೆಂಟಿಗೆ ಮೈ ಉಜ್ಜಿ ಹೋದವು. ಒಮ್ಮೆ ಯಾರೋ ಹುಲ್ಲಿನಲ್ಲಿ ನಡೆದು ಬಂದು ಒಲೆಯ ಕಲ್ಲಿನ ಹತ್ತಿರ ನಿಂತಂತಾಯಿತು. ಜಿಂಕೆ ಇರಬಹುದು. ಅಪ್ಪ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಅದು ಹೋಗುವುದನ್ನೇ ಕಾದರು. ಬಂದ ಸದ್ದು ಕೇಳಿತ್ತು,‌ ಹೋದ ಸದ್ದು ಕೇಳಲಿಲ್ಲ ಎಂದು ಇಬ್ಬರೂ ಹೇಳಿದರು. ಅವರಿಬ್ಬರ ಮಾತು ಕೂಡಿದ್ದು ಇದೊಂದು ವಿಷಯದಲ್ಲಿ.

ಬೆಳಗಾಯಿತು. ಇಬ್ಬನಿಯಲ್ಲಿ ಹುಲ್ಲು ಬೆಳ್ಳಗಿತ್ತು. ಮಹದೇವ ಬೇಲಿಯ ಬಾಯಿಯಲ್ಲಿ ನಿಂತು ಎರಡು ಬೆರಳು ತುಟಿಗಿಟ್ಟ. ಅಪ್ಪ ಅವನಿಗೆ ಕಲಿಸಿದ್ದು ಒಂದೇ ಸಿಳ್ಳೆ, ಬೆಳಗ್ಗೆ ಮಂದೆ ಬಿಡುವಾಗ ಹಾಕುವ, ಕೆಳಗಿಂದ ಮೇಲಕ್ಕೆ ಏರುವ ಉದ್ದ ಸಿಳ್ಳೆ. ಊದಿದ. ಬರೀ ಗಾಳಿ ಬಂತು.

"ಇದು ಲೆಕ್ಕಕ್ಕಿಲ್ಲ. ನೀರು ಕುಡಿ" ಅಂದಳು ಮಗಳು.

ನೀರು ಕುಡಿದು ಮತ್ತೆ ಹಾಕಿದ. ಸಿಳ್ಳೆ ಗುಡ್ಡಕ್ಕೆ ಹೋಗಿ ತಾಗಿತು. ಇಬ್ಬರೂ ಕಾದರು. ಏನಿಲ್ಲ. ಎರಡನೆಯದು ಹಾಕಿದ.

ಪಟ್ಟಿಯ ಹಿಂದಿನ ಕೊರಕಲಿನ ಕಡೆಯಿಂದ ಉತ್ತರ ಬಂತು.

ಎರಡು ಗಿಡ್ಡ ಸಿಳ್ಳೆ, ಆಮೇಲೆ ಒಂದು ಉದ್ದದ್ದು, ಮೇಲಿಂದ ಕೆಳಕ್ಕೆ ಇಳಿಯುತ್ತ, ಕೊನೆಯಲ್ಲಿ ಗಾಳಿ ಸೋರಿದಂತೆ ಸ್ಸ್ ಎಂದು ಮುಗಿಯುವುದು. ಮಹದೇವ ಹಾಕಿದ್ದು ಏರುವ ಸಿಳ್ಳೆ, ಬಂದದ್ದು ಇಳಿಯುವ ಸಿಳ್ಳೆ. ಗುಡ್ಡದ ಮಾರ್ದನಿಯಲ್ಲ. ಆ ಗಾಳಿ ಸೋರುವಿಕೆ ಅವನಿಗೆ ಗೊತ್ತಿತ್ತು. ಟಗರು ಗುದ್ದಿ ಜವರಪ್ಪನ ಮೇಲಿನ ಮುಂದಲ್ಲೊಂದು ಹೋಗಿತ್ತು. ಅವನು ಏನು ಊದಿದರೂ ಆ ಸಂದಿಯಿಂದ ಕೊನೆಗೆ ಗಾಳಿ ಸೋರುತ್ತಿತ್ತು. ಈ ಲೋಕದಲ್ಲಿ ಹಾಗೆ ಮುಗಿಯುವ ಸಿಳ್ಳೆ ಇನ್ನೊಂದಿರಲಿಲ್ಲ.

"ಅಪ್ಪಾ!" ಎಂದು ಕೂಗಿ ಮಹದೇವ ಓಡಿದ.

ಬೆಕ್ಕಿಗೆ ಹೆದರುವವನು ಬರಿಗಾಲಿನಲ್ಲಿ ಮುಳ್ಳುಪೊದೆಯ ನಡುವೆ ನುಗ್ಗಿದ. "ಬಂದೇ ಅಪ್ಪಾ... ಇದೇ ಬಂದೇ..." ಹುಡುಗಿ ಹಿಂದೆ ಓಡಿದಳು. ಕೊರಕಲಿನ ಅಂಚಿನಲ್ಲಿ ಒಂದು ದೊಡ್ಡ ಮತ್ತಿ ಮರ. ಅದರ ಬುಡದಲ್ಲಿ ಮಂಡಿಯೂರಿ, ಕೆಳಗಿನ ಪೊದೆಗಳ ಕಡೆ ನೋಡುತ್ತ, ಅವನು ಅಪ್ಪನನ್ನು ಕರೆಯುತ್ತಿದ್ದ. ಮುಖವೆಲ್ಲ ಗೀರು. ಕೆಳಗಿನಿಂದ ಯಾರೂ ಓಗೊಡಲಿಲ್ಲ. ಸಿಳ್ಳೆ ಮತ್ತೆ ಬಂತು, ಅವನ ತಲೆಯ ಮೇಲಿನಿಂದ.

"ಅಪ್ಪಾ, ಮೇಲೆ ನೋಡು."

ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ಕೂತಿತ್ತು. ಬಾಲದಿಂದ ಎರಡು ಉದ್ದ ತಂತಿ, ತಂತಿಯ ತುದಿಗೆ ಒಂದೊಂದು ಎಲೆ ಅಂಟಿಸಿದಂತೆ ಗರಿ. ಕಾಜಾಣ. ಅದು ಕತ್ತು ಓರೆ ಮಾಡಿ ಇವರನ್ನು ನೋಡಿತು. ಕುರಿಮರಿಯಂತೆ ಕೂಗಿತು. ನಾಯಿಯಂತೆ ಎರಡು ಸಲ ಬೊಗಳಿತು. ಆಮೇಲೆ ಜವರಪ್ಪನ ಹಲ್ಲುಸಂದಿಯಿಂದ ಸಿಳ್ಳೆ ಹಾಕಿತು.

ಮಹದೇವ ಅಲ್ಲೇ ಕೂತುಬಿಟ್ಟ. ತುಂಬ ಹೊತ್ತಿನ ಮೇಲೆ, "ಇನ್ನೊಂದ್ಸಲ ಆಕು ಸಾಮಿ" ಎಂದು ಹಕ್ಕಿಗೆ ಕೈ ಮುಗಿದ. ಅದು ಹಾಕಿತು.

"ಮೂರನೇದು ಬಾಕಿ ಐತಪ್ಪಾ" ಎಂದು ಮಗಳು ನೆನಪಿಸಿದಳು. ಅವನು ಮೂರನೆಯದನ್ನೂ ಹಾಕಿದ. ಹಕ್ಕಿ ತನ್ನದನ್ನೇ ಹಾಕಿತು. ಬಿಸಿಲು ಏರುವವರೆಗೂ ಅಪ್ಪ ಏರಿಸುವುದು, ಹಕ್ಕಿ ಇಳಿಸುವುದು ನಡೆಯಿತು. ಹಸಿವಾಗಿ ಮಗಳು ಅತ್ತ ಮೇಲೆ ಎದ್ದರು.

ಗಾಡಿಯ ಹತ್ತಿರ ಬಂದಾಗ ಮಹದೇವನ ಮುಖದಲ್ಲಿ ರಕ್ತ, ಕಣ್ಣೀರು, ನಗು ಮೂರೂ ಇದ್ದವು.

"ನಮ್ಮಪ್ಪ ಅಕ್ಕಿಪಕ್ಕಿಗೂ ಸಿಳ್ಳೆ ಕಲಿಸವ್ನೆ ಅಣ್ಣಾ! ಒಬ್ನೇ ಕೂತ್ಕಂಡು ಬ್ಯಾಸರಕ್ಕೆ ಕಲಿಸವ್ನೆ. ಎಂಥಾ ಮನ್ಸ ನೋಡು!"

"ಎಂಗೆ ಹಾಕ್ತು ಅಂದ್ರೆ ಮಾಮಾ..." ಎಂದು ಜಯಪ್ರಿಯಾ ಬಾಯಿಗೆ ಬೆರಳಿಟ್ಟು, ಹಕ್ಕಿ ಹಾಕಿದ್ದನ್ನು ಹಾಕಿ ತೋರಿಸಿದಳು. ಎರಡು ಗಿಡ್ಡ, ಒಂದು ಉದ್ದ, ಇಳಿಯುತ್ತ.

ನಾನು ಗಾಡಿ ಸ್ಟಾರ್ಟ್ ಮಾಡಲು ಹೋದವನು ಕೀಲಿ ಹಿಡಿದುಕೊಂಡೇ ಕೂತೆ. ಮೂವತ್ತು ವರ್ಷ ಕುರಿಪಟ್ಟಿಗಳನ್ನು ಸುತ್ತಿದವನು ನಾನು. ಆ ಸಿಳ್ಳೆ ಯಾವುದೆಂದು ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಬೆಳೆದ ಮಹದೇವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ಮಾತಾಡಿದ, ನಾನು ರಸ್ತೆ ನೋಡಿದೆ.

ದೊಡ್ಡಕ್ಕ ಅಂಗಳದಲ್ಲಿ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗನನ್ನು ಮಾತಾಡಿಸಲಿಲ್ಲ. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ಯಾರಾನಾ ಉತ್ರ ಕೊಟ್ರಾ?"

"ಹಕ್ಕಿ ಕೊಡ್ತು ಅಜ್ಜಿ, ಪಟ್ಟಿ ಹಿಂದೆ ಕೊರಕಲ ಅಂಚಿನ ಮತ್ತಿ ಮರದಿಂದ. ಮನುಷ್ಯರು ಯಾರೂ ಕೊಡ್ಲಿಲ್ಲ."

"ಏನಂತ ಕೊಡ್ತು?"

ಹುಡುಗಿ ಸಿಳ್ಳೆ ಹಾಕಿದಳು. ದೊಡ್ಡಕ್ಕನ ಬೆರಳು ಹುರುಳಿಯ ಮೇಲೆ ನಿಂತಿತು.

"ಇನ್ನೊಂದ್ಸಲ ಆಕು."

ಹಾಕಿದಳು.

"ಇದೊಂದೇನಾ? ಬೇರೆ ಥರದ್ದು ಆಕ್ಲಿಲ್ವಾ? ನೆನಪು ಮಾಡ್ಕಂಡು ಏಳು."

"ಇಲ್ಲಜ್ಜಿ. ಮರಿ ಥರ ಒಂದ್ಸಲ, ನಾಯಿ ಥರ ಒಂದ್ಸಲ. ಆಮೇಲೆಲ್ಲ ಇದೇ. ಇದೇ ಜಾಸ್ತಿ."

ದೊಡ್ಡಕ್ಕ ಹುರುಳಿಯಿಂದ ಒಂದು ಕಲ್ಲು ಹೆಕ್ಕಿ ಆಚೆಗೆಸೆದಳು. ಆಮೇಲೆ ಮಗನಿಗೆ, "ಓಗು, ನೀರು ಕಾದೈತೆ. ಮೈಯೆಲ್ಲ ಮುಳ್ಳು ಮಾಡ್ಕಂಡಿದೀಯ" ಎಂದಳು. ಮೊಮ್ಮಗಳಿಗೆ, "ನಿಮ್ಮಪ್ಪಂಗೆ ಟವಲ್ ಕೊಡೋಗು" ಎಂದಳು. ಇಬ್ಬರೂ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಕುಪ್ಪುಸ್ವಾಮಿ. ನಿಂಗೊತ್ತಲ್ಲಪ್ಪ ಇದು."

"ಗೊತ್ತು ದೊಡ್ಡಕ್ಕ."

ಕುರಿ ಕಾಯುವವರಿಗೆ ಹಲವು ಸಿಳ್ಳೆಗಳಿವೆ. ಮಂದೆ ಬಿಡುವುದಕ್ಕೆ ಒಂದು, ತಿರುಗಿಸುವುದಕ್ಕೆ ಒಂದು, ಮಧ್ಯಾಹ್ನ ನೆರಳಿನಲ್ಲಿ ಮಲಗಿಸುವುದಕ್ಕೆ ಒಂದು. ಇವೆಲ್ಲ ಕುರಿಗಾಗಿ, ದಿನವೂ ಹಾಕುವಂಥವು. ಇನ್ನೊಂದು ಮಾತ್ರ ಕುರಿಗಲ್ಲ. ಸೀಳುನಾಯಿ ಬಿದ್ದರೆ, ಚಿರತೆ ಬಂದರೆ, ಕಾಲು ಮುರಿದುಕೊಂಡು ಏಳಲಾಗದಿದ್ದರೆ, ಬೇರೆ ಪಟ್ಟಿಯ ಗಂಡಸರನ್ನು ಕರೆಯಲು ಹಾಕುವುದು. ಆಳು ಕರೆಯುವ ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ, ಇಳಿಯುತ್ತ. ಆಟಕ್ಕೆ ಅದನ್ನು ಹಾಕಿದ ಹುಡುಗರಿಗೆ ಕೋಲಿನ ಏಟು ಬೀಳುತ್ತಿತ್ತು. ಬೇಸರಕ್ಕೆ ಹಕ್ಕಿಗೆ ಕಲಿಸುವ ಸಿಳ್ಳೆ ಅದಲ್ಲ.

"ಒಂದ್ಸಲ ಕೇಳಿ ಯಾವ ಅಕ್ಕಿಪಕ್ಕಿನೂ ಕಲಿಯಲ್ಲ" ಅಂದಳು ದೊಡ್ಡಕ್ಕ. "ಎಷ್ಟು ದಿನ ಆಕಿರ್ಬೇಕು?"

ಈ ಹಕ್ಕಿಗಳು ಎಷ್ಟು ವರ್ಷ ಬದುಕುತ್ತವೋ, ಆ ದಿನ ಕೇಳಿದ ಹಕ್ಕಿ ಇದೇಯೋ, ತಾಯಿಯಿಂದ ಮರಿ ಕಲಿಯಿತೋ, ನನಗೆ ಗೊತ್ತಿಲ್ಲ. ಆ ದಿನ ನಾವು ಕುರಿಯ ಕಾಲನ್ನು ನಂಬಿದ್ದೊಂದು ಮಾತ್ರ ಗೊತ್ತು.

"ನೀವೆಲ್ಲ ಬಡಗಣ ಹಳ್ಳದಾಗಿದ್ರಿ" ಅಂದಳು. ಬೈಯುವ ದನಿಯಲ್ಲ, ಲೆಕ್ಕ ಸರಿ ನೋಡುವ ದನಿ. ಆ ಕೊರಕಲಿಗೂ ನಮಗೂ ನಡುವೆ ಗುಡ್ಡ ಒಂದೇ ಅಡ್ಡವಿತ್ತು. ಮೊರವನ್ನು ಒಮ್ಮೆ ಕುಲುಕಿ ಹೇಳಿದಳು, "ಅವ್ನಿಗೆ ಏಳ್ಬೇಡ. ಅಪ್ಪ ಅಕ್ಕಿಪಕ್ಕಿ ಜೊತೆ ಆಟ ಆಡ್ತಿದ್ದ ಅಂತ ಬಂದವ್ನೆ. ಅಂಗೇ ಇರ್ಲಿ."

ಮಹದೇವ ಸ್ನಾನ ಮಾಡಿ ಬಂದು ಎದುರಿಗೆ ನಿಂತ. ತೀರ್ಪಿಗಾಗಿ ಕಾಯುವವನ ಮುಖ ಅವನದು. ಉತ್ತರ ಬಂತು, ಅಪ್ಪ ಎಲ್ಲೋ ಇದ್ದಾನೆ ಎಂದು ಅವಳು ಹೇಳಿಬಿಡಬಹುದೆಂಬ ಆಸೆ ಅವನ ಕಿವಿಯಲ್ಲಿ ಇನ್ನೂ ಇತ್ತು.

"ಮನ್ಸ ಇದ್ದಿದ್ರೆ ಮನ್ಸ ಉತ್ರ ಕೊಡ್ತಿದ್ದ. ಓಗವ್ನೆ ಕಣೋ ನಿಮ್ಮಪ್ಪ. ಕಲ್ಲು ನಿಲ್ಸು. ಪಟ್ಟಿಯೊಳಗೆ ಬೇಡ, ಆ ಮತ್ತಿ ಮರದ ಬುಡದಾಗೆ."

"ಅಲ್ಯಾಕಮ್ಮ? ಎಲ್ರೂ ಪಟ್ಟಿಯೊಳಗೇ ತಾನೆ ನಿಲ್ಸೋದು?"

"ಅಲ್ಲಿ ನೆಳ್ಳೈತೆ."

ಆ ಸಂಜೆ ಬಳೆ ಒಡೆಯಲು ಯಾರನ್ನೂ ಹತ್ತಿರ ಬಿಡಲಿಲ್ಲ. ಕೈಗೆ ಸೋಪು ಹಚ್ಚಿಕೊಂಡು ಒಂದೊಂದಾಗಿ ತಾನೇ ತೆಗೆದಳು.

ಕಲ್ಲು ನಿಲ್ಲಿಸುವ ಮೊದಲು ನಾನೊಬ್ಬನೇ ಒಂದು ದಿನ ಹೋಗಿ, ಮತ್ತಿ ಮರಕ್ಕೆ ಹಗ್ಗ ಕಟ್ಟಿ ಕೊರಕಲಿಗೆ ಇಳಿದೆ. ಕೆಳಗೆ ಬಂಡೆ, ಪೊದೆ, ಹನ್ನೊಂದು ಮಳೆಗಾಲ ತಂದು ಸುರಿದ ಮರಳು. ಅಂಗಿಯ ಒಂದು ಗುಂಡಿಯೂ ಸಿಗಲಿಲ್ಲ. ಹತ್ತುವಾಗ ಮೇಲಿನಿಂದ ಹಕ್ಕಿ ಸಿಳ್ಳೆ ಹಾಕಿತು. ಕೊರಕಲಿನ ಒಳಗೆ ನಿಂತು ಕೇಳಿದರೆ ಅದು ಬೇರೆಯೇ. ಆ ಸದ್ದು ಗೋಡೆಯಿಂದ ಗೋಡೆಗೆ ತಾಗಿ ಅಲ್ಲೇ ಸುತ್ತುತ್ತದೆ; ಒಳಗಿನಿಂದ ಕರೆದರೆ ಪಟ್ಟಿಗೂ ಮುಟ್ಟುವುದಿಲ್ಲ, ಗುಡ್ಡವನ್ನೂ ದಾಟುವುದಿಲ್ಲ. ಇದನ್ನು ನಾನು ದೊಡ್ಡಕ್ಕನಿಗೂ ಹೇಳಿಲ್ಲ. ಎರಡು ಕಚ್ಚಿನ ಕುರಿಗಳ ಮಾತನ್ನು ಮೂರು ವಾರ ಎತ್ತಲಿಲ್ಲ. ಆಮೇಲೆ ಎತ್ತಿದೆ. ವ್ಯಾಪಾರಿ ಅದಕ್ಕಿಂತ ಹೆಚ್ಚು ಕಾಯಲಾರ.

ಮಹದೇವ ಈಗ ಸಂತೋಷವಾಗಿದ್ದಾನೆ. ಹಕ್ಕಿಗೆ ಸಿಳ್ಳೆ ಕಲಿಸಿದ ಅಪ್ಪನ ಕತೆಯನ್ನು ಮೆಟ್ಟೂರಿನ ಕ್ಯಾಂಟೀನಿನಲ್ಲಿ ಕೇಳದವರಿಲ್ಲ, ಆನೆಗಳು ಒಂಬತ್ತಾಗಿವೆ. ಊರಿಗೆ ಬಂದಾಗ ಕುರಿಗಳ ಹತ್ತಿರ ಹೋಗಿ ನಿಲ್ಲುತ್ತಾನೆ. ಬೆಕ್ಕಿನ ವಿಷಯದಲ್ಲಿ ಬದಲಾವಣೆಯಿಲ್ಲ.

ಕಲ್ಲು ನಿಲ್ಲಿಸಿದ ಮಾರನೆಯ ದಿನ ದೊಡ್ಡಕ್ಕ ಮೊಮ್ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಆ ಮನೆಯಲ್ಲಿ ಹೆಂಗಸರು ಸಿಳ್ಳೆ ಹಾಕಬಾರದು. ಅವಳು ಆಚೀಚೆ ನೋಡಿ, ಹಲ್ಲಿಲ್ಲದ ಬಾಯಿ ಮುದುರಿ, ಮಧ್ಯಾಹ್ನ ಕುರಿ ಮಲಗಿಸುವ ಸಿಳ್ಳೆಯನ್ನು ಊದಿದಳು. ಮೆಲ್ಲಗೆ, ಒಂದೇ ಮಟ್ಟದಲ್ಲಿ, ಜೋಗುಳದ ಹಾಗೆ. ಹುಡುಗಿ ಮೂರನೇ ಸಲಕ್ಕೆ ಹಿಡಿದಳು.

"ಇದನ್ನ ಆ ಅಕ್ಕಿಪಕ್ಕಿಗೆ ಕಲಿಸು ಓಗು. ನಿಮ್ಮಪ್ಪನ್ನ ಕರ್ಕಂಡು ಆದಾಗಲೆಲ್ಲ ಓಗ್ತಾ ಇರು."

"ಯಾಕಜ್ಜಿ?"

"ಒಂದೇ ಕಲ್ತೈತಲ್ಲ ಅದು. ಅದಕ್ಕೂ ಸಾಕಾಗಿರ್ತೈತೆ."

ಹಗಲು ಹೊತ್ತಿನಲ್ಲಿ, ನನ್ನ ಗಾಡಿಯಲ್ಲೇ, ಇದುವರೆಗೆ ಐದು ಸಲ ಹೋಗಿದ್ದೇವೆ. ಜಯಪ್ರಿಯಾ ಮತ್ತಿ ಮರದ ಕೆಳಗೆ ಕೂತು ಮಲಗಿಸುವ ಸಿಳ್ಳೆಯನ್ನು ತುಟಿ ಒಡೆಯುವಷ್ಟು ಊದುತ್ತಾಳೆ. ಮಹದೇವನಿಗೆ ಅದೊಂದು ಆಟ. ಹಕ್ಕಿ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತದೆ. ಹೋದ ಸಲ ಅದು ಹೊಸದೊಂದನ್ನು ಹಾಕಿತು: ನನ್ನ ಗಾಡಿ ಹಿಂದಕ್ಕೆ ಬರುವಾಗ ಟೀಂ ಟೀಂ ಅನ್ನುವ ಸದ್ದು. ಸಂಜೆ ಅದನ್ನು ದೊಡ್ಡಕ್ಕನಿಗೆ ಹೇಳಿದೆವು. ಮಹದೇವ ಬಿದ್ದು ಬಿದ್ದು ನಕ್ಕ.

ದೊಡ್ಡಕ್ಕ ಮೊಮ್ಮಗಳ ಮುಖವನ್ನೇ ನೋಡುತ್ತ, "ಆಮೇಲೆ?" ಅಂದಳು.

"ಆಮೇಲೆ ಹಳೇದೇ ಅಜ್ಜಿ."

"ಸರಿ. ಬರೋ ಭಾನ್ವಾರ ಇನ್ನೊಂದೀಟು ಬೇಗ ಓಗಿ" ಎಂದು ಹೇಳಿ ಅವಳು ಒಳಗೆ ಹೋದಳು.